ಐದನೇ ಮರಿ ಎಲ್ಲಿ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಇಪ್ಪತ್ತರವರೆಗೆ ಗಡಗಡ ಹೇಳುತ್ತಾಳೆ. ಆದರೆ ನಮ್ಮ ಬೀದಿ ನಾಯಿ ಹಾಕಿದ ಐದು ಮರಿಗಳನ್ನು ಎಣಿಸು ಅಂದರೆ ಒಮ್ಮೆ ಏಳು ಅನ್ನುತ್ತಾಳೆ, ಒಮ್ಮೆ ನಾಲ್ಕು. ಪ್ರಾಣಿಗಳ ಹಾಡು ಹೇಳಿಕೊಟ್ಟು ಕಲಿಸೋಣ ಎಂದು ಹೊರಟೆ. ಹಾಡಿನಲ್ಲಿ ನೀತಿಯೂ ಇರಲಿ ಎಂದು ನಮ್ಮ ಅತ್ತೆ ಒಂದು ಹಾಡು ಕಟ್ಟಿದರು. ಅದರಲ್ಲಿ ಮಾತು ಕೇಳದ ಕೋಳಿಮರಿಯನ್ನು ಹದ್ದು ಹೊತ್ತೊಯ್ಯುತ್ತದೆ. ಕೇಳಿ ಮಗಳು ಅತ್ತೇಬಿಟ್ಟಳು. ಏನು ಮಾಡಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಮೊದಲು ಆ ನಾಯಿಮರಿಗಳನ್ನು ಬಿಟ್ಟುಬಿಡಿ. ಒಂದರ ಮೇಲೊಂದು ಹೊರಳಾಡುತ್ತವೆ, ಒಂದು ಕಡೆ ನಿಲ್ಲುವುದೇ ಇಲ್ಲ. ಇಷ್ಟು ವರ್ಷ ಅಂಗನವಾಡಿ ಟೀಚರ್ ಆಗಿದ್ದ ನನಗೂ ಲೆಕ್ಕ ತಪ್ಪುತ್ತದೆ!

ಇಪ್ಪತ್ತರವರೆಗೆ ಹೇಳುವುದು ನಿಮ್ಮ ಮಗಳಿಗೆ ಸದ್ಯಕ್ಕೆ ಒಂದು ಹಾಡು ಅಷ್ಟೆ. ಬಾಯಿ ಮುಂದೆ ಓಡುತ್ತದೆ, ಬೆರಳು ಹಿಂದೆ ಉಳಿಯುತ್ತದೆ. ಈಗ ಐದು ಸಾಕು. ಐದು ಹುಣಸೆ ಬೀಜ, ಒಂದು ಬಟ್ಟಲು ತನ್ನಿ. ಬೀಜಗಳೇ ಕೋಳಿಮರಿ, ಬಟ್ಟಲೇ ಬುಟ್ಟಿ. (ಮನೆಯಲ್ಲಿ ಇನ್ನೂ ಚಿಕ್ಕ ಮಗುವಿದ್ದರೆ ಬೀಜ ಬೇಡ, ಬಾಯಿಗೆ ಹಾಕಿಕೊಳ್ಳುತ್ತದೆ. ಡಬ್ಬಿಗಳ ದೊಡ್ಡ ಮುಚ್ಚಳ ಇಡಿ.) ನಾನು ಕಟ್ಟಿದ ಹಾಡು ಇದು:

ಒಂದು ಮರಿ ಬಂತು, ಬುಟ್ಟಿ ಬಳಿ ನಿಂತು
ಎರಡು ಮರಿ ಆಯ್ತು, ನುಚ್ಚು ಹೆಕ್ಕಿ ತಿಂತು
ಮೂರು ಮರಿ ಕೂಡಿ, ಅಮ್ಮನ ಮುಖ ನೋಡಿ
ನಾಕು ಮರಿ ಸೇರಿ, ಐದನೇದು ಎಲ್ಲಿ?
ಕುಂಟುತ್ತ ಬರುತಿದೆ ಹಿತ್ತಲ ಹಾದೀಲಿ
ಬಾ ಬಾ ಕಂದ ಮೆಲ್ಲಗೆ, ಐದು ಮರಿ ಬುಟ್ಟಿಗೆ!

ಒಂದೊಂದು ಮರಿಗೂ ಒಂದೊಂದು ಬೀಜವನ್ನು ಅವಳೇ ಹಾಕಬೇಕು. "ಐದನೇದು ಎಲ್ಲಿ" ಎಂಬಲ್ಲಿ ನೀವು ಸುಮ್ನೆ ನಿಂತುಬಿಡಿ, ಅವಳೇ ಹುಡುಕಲಿ. ಹಾಡು ಮುಗಿದ ಮೇಲೆ "ಬುಟ್ಟಿಯಲ್ಲಿ ಎಷ್ಟು ಮರಿ?" ಎಂದು ಕೇಳಿ. ತಟ್ಟನೆ "ಐದು" ಅಂದರೆ, ಕೊನೆಗೆ ಹೇಳಿದ ಅಂಕಿಯೇ ಒಟ್ಟು ಲೆಕ್ಕ ಎಂಬುದು ಗೊತ್ತಾಗಿದೆ. ಮತ್ತೆ ಒಂದರಿಂದ ಶುರು ಮಾಡಿದರೆ ಇನ್ನೂ ಆಗಿಲ್ಲ. ಬೈಯಬೇಡಿ, ನಾಲ್ಕನೇ ವಯಸ್ಸಿಗೆ ಅದು ಮಾಮೂಲಿ. ಅದೇ ಆಟವನ್ನು ದಿನಾ ಆಡಿ.

ಇನ್ನು ನೀತಿ. ಸಂಜೆ ಕೋಳಿ ಮುಚ್ಚುವ ಮನೆಯಲ್ಲಿ ಬೆಳೆದವಳು ನಾನು. ಎಲ್ಲ ಬಂದವಾ ಎಂದು ನೋಡುವುದಕ್ಕೇ ಅಮ್ಮ ಎಣಿಸುತ್ತಿದ್ದಳು. ಒಂದು ಕಮ್ಮಿ ಇದ್ದರೆ ಲಾಟೀನು ಹಿಡಿದು ಬೇಲಿ ಸಂದಿಯಲ್ಲೆಲ್ಲ ಹುಡುಕುತ್ತಿದ್ದಳು. ಈ ಹಾಡಿನಲ್ಲಿ ಕುಂಟು ಮರಿಗಾಗಿ ಉಳಿದವು ಕಾಯುತ್ತವಲ್ಲ, ಅಷ್ಟು ನೀತಿ ಸಾಕು. "ಇದರಿಂದ ಏನು ಕಲಿತೆ?" ಎಂದು ಮಾತ್ರ ಕೇಳಬೇಡಿ. ಹದ್ದು ಬೇಡ ಎಂದು ಅತ್ತೆಯವರ ಜೊತೆ ವಾದಕ್ಕೂ ಇಳಿಯಬೇಡಿ. ಕೋಳಿಯಮ್ಮನ ಪಾತ್ರ ಅವರಿಗೇ ಕೊಟ್ಟುಬಿಡಿ. ಮೊಮ್ಮಗಳು ಮಡಿಲಲ್ಲಿ ಕೂತಿದ್ದರೆ ಹದ್ದು ತಾನಾಗೇ ಹಾರಿಹೋಗುತ್ತದೆ.

ಐದು ಪಳಗಿದ ಮೇಲೆ ಕಾಲು ಎಣಿಸುವ ಹಾಡು ಕಟ್ಟಿ. ಕೋಳಿಗೆ ಎರಡು, ಹಸುವಿಗೆ ನಾಲ್ಕು, ಇರುವೆಗೆ ಆರು, ಜೇಡಕ್ಕೆ ಎಂಟು. ಕಟ್ಟುವ ಮುಂಚೆ ನೀವೂ ಒಮ್ಮೆ ಸರಿಯಾಗಿ ನೋಡಿಕೊಳ್ಳಿ. ನಾನು ಪ್ರಾಸಕ್ಕೆ ಆಸೆಪಟ್ಟು "ಜೇಡಣ್ಣನ ಕಾಲು ಆರು, ಬಲೆಯೇ ಅವನ ತೇರು" ಎಂದು ಒಂದು ವಾರ ಹಾಡಿಸಿದ್ದೆ. ಒಬ್ಬ ಹುಡುಗ ಬೆಂಕಿಪೊಟ್ಟಣದಲ್ಲಿ ಸತ್ತ ಜೇಡ ತಂದು ನನ್ನ ಮೇಜಿನ ಮೇಲಿಟ್ಟ. "ಟೀಚರ್, ಇದು ಅಲ್ಲಾಡಲ್ಲ, ಈಗ ಎಣಿಸಿ" ಅಂದ.