ಎಳೆದು ಜೋಡಿಸಿದ ಪಟ್ಟಿ ರಿಫ್ರೆಶ್ ಆದರೆ ಹಳೇ ಕ್ರಮಕ್ಕೇ ಮರಳುತ್ತಿದೆ

ಸಾಲುಗಳನ್ನು ಎಳೆದು ಜೋಡಿಸಿದರೂ ಕ್ರಮ ಯಾಕೆ ಉಳಿಯುತ್ತಿಲ್ಲ ಅಂತ ಕೇಳಿದ್ದೀರಿ. ಸಾರ್ಟಬಲ್‌ಜೆಎಸ್ (ಎಳೆದು ಜೋಡಿಸಲು ಬಳಸುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಸಾಲುಗಳನ್ನು ಸರಿಸುತ್ತಿದೆ, ರಿಫ್ರೆಶ್ ಮಾಡಿದರೆ ಹಳೇ ಕ್ರಮ ಬರುತ್ತಿದೆ ಅಂದರೆ ಹೊಸ ಕ್ರಮ ಡೇಟಾಬೇಸ್‌ಗೆ ಮುಟ್ಟೇ ಇಲ್ಲ. ಸಾರ್ಟಬಲ್‌ಜೆಎಸ್ ಬ್ರೌಸರ್‌ನಲ್ಲಿ ಕಾಣುವುದನ್ನಷ್ಟೇ ಬದಲಿಸುತ್ತದೆ. ಉಳಿಸುವ ಕೆಲಸ ನಮ್ಮದು.

ಮೊದಲು ಡೇಟಾಬೇಸ್ ಟೇಬಲ್‌ಗೆ 'ಪೊಸಿಷನ್' ಅಂತ ಒಂದು ಕಾಲಂ ಸೇರಿಸಿ, ಈಗಿರುವ ಸಾಲುಗಳಿಗೆ 1, 2, 3 ತುಂಬಿ. ಪಟ್ಟಿ ತರುವ ಕ್ವೆರಿಯಲ್ಲಿ ಕ್ರಮ ನಿರ್ಧರಿಸುವ 'ಆರ್ಡರ್ ಬೈ' ಈ ಕಾಲಂ ಮೇಲೇ ಇರಲಿ. ಇದನ್ನು ಮರೆತು ನಾನು ಅರ್ಧ ದಿನ ಸುಮ್ನೆ ಜಾವಾಸ್ಕ್ರಿಪ್ಟನ್ನು ಬೈದಿದ್ದೇನೆ.

ಆಮೇಲೆ ಪ್ರತಿ ಸಾಲಿನ 'ಡೇಟಾ-ಐಡಿ'ಯಲ್ಲಿ ಆ ದಾಖಲೆಯ ಐಡಿ ಕೊಡಿ. ಸಾಲು ಬಿಟ್ಟಾಗ ಓಡುವ 'ಆನ್‌ಎಂಡ್' ಒಳಗೆ 'ಟುಅರೇ' ಕರೆದರೆ ಐಡಿಗಳು ಹೊಸ ಕ್ರಮದಲ್ಲಿ ಸಿಗುತ್ತವೆ. ಅಷ್ಟನ್ನೂ ಒಟ್ಟಿಗೆ ಸರ್ವರ್‌ಗೆ ಪೋಸ್ಟ್ ಮಾಡಿ. ಅಲ್ಲಿ ಐಡಿಗಳು ಬಂದ ಕ್ರಮದಲ್ಲೇ 'ಪೊಸಿಷನ್'ಗೆ 1, 2, 3 ಬರೆಯಿರಿ. ಈ ಎಲ್ಲ ಅಪ್‌ಡೇಟ್‌ಗಳೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲವೂ, ಇಲ್ಲದಿದ್ದರೆ ಯಾವುದೂ ಇಲ್ಲ ಎನ್ನುವಂತೆ) ಆಗಲಿ. ಇಲ್ಲದಿದ್ದರೆ ನಡುವೆ ಕೈಕೊಟ್ಟಾಗ ಎರಡು ಸಾಲಿಗೆ ಒಂದೇ ನಂಬರ್ ಉಳಿದುಬಿಡಬಹುದು. ಬಂದ ಐಡಿಗಳು ಲಾಗಿನ್ ಆದವರದ್ದೇ ಅಲ್ವಾ ಅಂತಲೂ ಪರೀಕ್ಷಿಸಿ.

ಯಾವ ಫ್ರೇಮ್‌ವರ್ಕ್ ಅಂತ ನೀವು ಹೇಳಿಲ್ಲ, ಹಾಗಾಗಿ ಇದು ಊಹೆ: ಜಾಂಗೋದಲ್ಲಿ 403, ಲಾರಾವೆಲ್‌ನಲ್ಲಿ 419 ಎರರ್ ಬಂದರೆ ಬಹುಶಃ ಸಿಎಸ್‌ಆರ್‌ಎಫ್ ಟೋಕನ್ (ರಿಕ್ವೆಸ್ಟ್ ನಮ್ಮ ಪುಟದಿಂದಲೇ ಬಂದಿದೆ ಅಂತ ಸರ್ವರ್‌ಗೆ ತೋರಿಸುವ ಗುಟ್ಟಿನ ಸಂಕೇತ) ಹೋಗಿಲ್ಲ. ಅದನ್ನು ರಿಕ್ವೆಸ್ಟ್‌ನ ಹೆಡರ್‌ಗೆ ಸೇರಿಸಿ.