ಚೀನೀ ಸಹೋದ್ಯೋಗಿಗಳು ‘ಓಪನ್ ದ ಲೈಟ್’ ಅನ್ನುವುದು ಯಾಕೆ?

ನಿಮ್ಮ ತಂಡದ ಚೀನೀಯರು ‘ಓಪನ್ ದ ಲೈಟ್’, ‘ಐ ವೆರಿ ಲೈಕ್ ಇಟ್’ ಅನ್ನುತ್ತಾರೆ, ಕಾರಣವೇನು, ತಿದ್ದಬೇಕೇ ಎಂದು ಕೇಳಿದ್ದೀರಿ. ನಾನು ಚೀನಾದ ಷೆಂಜೆನ್‌ ನಗರದಲ್ಲಿ ಐದು ವರ್ಷ ಕೆಲಸ ಮಾಡಿದವನು. ಸಂಜೆ ಹೊತ್ತು ಸಹೋದ್ಯೋಗಿಗಳ ಜೊತೆ ಕೂತು ನಾನು ಚೀನೀ ಕಲಿತೆ, ಅವರು ಇಂಗ್ಲಿಷ್ ಕಲಿತರು. ಆಮೇಲೆ ಈ ತಪ್ಪುಗಳು ನನಗೆ ತಪ್ಪಿನ ಹಾಗೆ ಕಾಣಿಸಲೇ ಇಲ್ಲ.

ಲೈಟ್ ಹಾಕು ಅನ್ನಲು ಅವರು ‘ಖಾಯ್ ಡಂಗ್’ ಅನ್ನುತ್ತಾರೆ. ಬಾಗಿಲು ತೆರೆಯುವುದಕ್ಕೂ ಖಾಯ್, ಟಿವಿ ಹಾಕುವುದಕ್ಕೂ ಖಾಯ್, ಕಾರು ಓಡಿಸುವುದಕ್ಕೂ, ಮೀಟಿಂಗ್ ನಡೆಸುವುದಕ್ಕೂ ಅದೇ. ನಮ್ಮ ‘ಹಾಕು’ ನೆನಪಿಸಿಕೊಳ್ಳಿ: ಬೀಗ ಹಾಕು, ಚಪ್ಪಲಿ ಹಾಕು, ಫ್ಯಾನ್ ಹಾಕು. ಅದಕ್ಕೇ ನಮ್ಮಲ್ಲಿ ಎಷ್ಟೋ ಜನ ‘ಪುಟ್ ದ ಫ್ಯಾನ್’ ಅನ್ನುವುದು. ‘ವೆರಿ ಲೈಕ್’ ಕೂಡ ಹಾಗೆಯೇ. ‘ಹನ್’ ಅಂದರೆ ತುಂಬಾ, ಅದು ‘ಇಷ್ಟಪಡು’ ಅನ್ನುವ ಕ್ರಿಯಾಪದದ ಮುಂದೆಯೇ ಕೂರುತ್ತದೆ.

ನನಗೆ ಅತಿ ಪ್ರಿಯವಾದ ಉದಾಹರಣೆ ಒದ್ದೆ ನೆಲದ ಫಲಕದ್ದು. ಚೀನಾದಲ್ಲಿ ‘ಸ್ಲಿಪ್ ಕೇರ್‌ಫುಲಿ’ ಅಂತ ಬರೆದ ಫಲಕಗಳು ಸಿಗುತ್ತಿದ್ದವು. ಮೂಲದಲ್ಲಿ ನಾಲ್ಕೇ ಅಕ್ಷರ, ‘ಶ್ಯಾವ್ ಶಿನ್ ಡೀ ಹ್ವಾ’. ಮೂರನೆಯ ಅಕ್ಷರಕ್ಕೆ ‘ನೆಲ’ ಅಂತಲೂ ಅರ್ಥವಿದೆ. ಬೇರೆ ಉಚ್ಚಾರದಲ್ಲಿ ಅದೇ ಅಕ್ಷರ ನಮ್ಮ ‘ಆಗಿ’ ಪ್ರತ್ಯಯದ ಕೆಲಸ ಮಾಡುತ್ತದೆ. ‘ಹುಷಾರು, ನೆಲ ಜಾರುತ್ತದೆ’ ಅನ್ನುವುದು ‘ಹುಷಾರಾಗಿ ಜಾರಿ’ ಆಗಿಬಿಡಲು ಅಷ್ಟು ಸಾಕು. ಪದಗಳ ನಡುವೆ ಜಾಗ ಬಿಡದ ಲಿಪಿಯಲ್ಲಿ ನಿಘಂಟು ಹಿಡಿದು ಕೂತವರಿಗೆ ಇದು ಸುಲಭವಾಗಿ ಆಗುವ ಎಡವಟ್ಟು. 2008ರ ಒಲಿಂಪಿಕ್ಸ್‌ಗೆ ಮುನ್ನ ಬೀಜಿಂಗ್ ಇಂಥ ಫಲಕಗಳನ್ನು ಹುಡುಕಿ ಬದಲಿಸಿತು; 2017ರ ಡಿಸೆಂಬರ್‌ನಿಂದ ಸಾರ್ವಜನಿಕ ಸ್ಥಳಗಳ ಇಂಗ್ಲಿಷ್‌ಗೆ ಇಡೀ ದೇಶಕ್ಕೆ ಮಾನದಂಡವೂ ಬಂತು.

‘ಹೀ’, ‘ಶೀ’ ಅದಲುಬದಲಾದರೆ ದಯವಿಟ್ಟು ನಗಬೇಡಿ. ಅವನು, ಅವಳು, ಅದು ಮೂರಕ್ಕೂ ಬಾಯಲ್ಲಿ ‘ಥಾ’ ಒಂದೇ. ಬರಹದಲ್ಲಿ ‘ಅವಳು’ ಅನ್ನಲು ಬೇರೆ ಅಕ್ಷರ ರೂಢಿಗೆ ಬಂದದ್ದೇ 1920ರ ದಶಕದ ಹೊತ್ತಿಗೆ. ‘ಯೆಸ್ಟರ್ಡೇ ಐ ಗೋ’ ಕೂಡ ಇದೇ ಜಾತಿ: ಅವರ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ.

ತಿದ್ದಬೇಕೇ ಅಂದರೆ, ಅರ್ಥ ಕೆಡದಿದ್ದಲ್ಲಿ ಬಿಟ್ಟುಬಿಡಿ. ಹುರಿದುಂಬಿಸಲು ಹೇಳುವ ‘ಜ್ಯಾ ಯೋ’ದಿಂದ ಹುಟ್ಟಿದ ‘ಆಡ್ ಆಯಿಲ್’ 2018ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೇ ಸೇರಿತು. ಆದರೆ ಒಂದು ಕಡೆ ಎಚ್ಚರ ಬೇಕು. ಒಮ್ಮೆ ನಾನು ‘ಫೈಲ್ ಇನ್ನೂ ಬಂದಿಲ್ಲವೇ?’ ಎಂದು ಇಂಗ್ಲಿಷ್‌ನಲ್ಲಿ ಕೇಳಿದೆ. ‘ಯೆಸ್’ ಅಂತ ಉತ್ತರ ಬಂತು. ಫೈಲ್ ಬಂದಿದೆ ಅಂದುಕೊಂಡು ಅರ್ಧ ದಿನ ಸುಮ್ಮನಿದ್ದೆ. ಅವರು ಹೇಳಿದ್ದು ನಮ್ಮ ‘ಹೌದು, ಬಂದಿಲ್ಲ’ವನ್ನೇ, ಕನ್ನಡದಲ್ಲಿ ಕೇಳಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಈಗ ‘ಫೈಲ್ ಬಂತಾ?’ ಅಂತಲೇ ಕೇಳುತ್ತೇನೆ, ‘ಇಲ್ಲವೇ’ ಸೇರಿಸುವುದಿಲ್ಲ. ನೀವೂ ಇದನ್ನು ನಾಳೆಯಿಂದಲೇ ಶುರುಮಾಡಿ.