ಹನ್ನೆರಡನೇ ಸ್ಥಾನದ ತಂಡಕ್ಕೆ ನಾಲ್ಕು ಪುಟ ಏಕೆ?

ಲಂಡನ್ನಿನ ವೆಸ್ಟ್ ಹ್ಯಾಮ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ 1965-66ರ ಋತುವನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ, ಶಿವಮೊಗ್ಗದ ನಿವೃತ್ತ ಅಧ್ಯಾಪಕರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಅಚ್ಚಾಗಬಾರದೆಂಬ ಅವರ ಕೋರಿಕೆಯಂತೆ ಪತ್ರದ ಸಾರವನ್ನು ಮಾತ್ರ ಕೊಡುತ್ತಿದ್ದೇವೆ. 22 ತಂಡಗಳ ಲೀಗ್‌ನಲ್ಲಿ 12ನೆಯದಾಗಿ ನಿಂತ ತಂಡಕ್ಕೆ ನಾಲ್ಕು ಪುಟ ಕೊಟ್ಟು, ಅದೇ ವರ್ಷ ಚಾಂಪಿಯನ್ ಆದ ಲಿವರ್‌ಪೂಲ್ ತಂಡವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿಯಲ್ಲ ಎಂಬುದು ಅವರ ಮೊದಲ ಆಕ್ಷೇಪ. 1966ರ ವಿಶ್ವಕಪ್ ಗೆದ್ದ ಮೂವರು ಆಟಗಾರರು (ಬಾಬಿ ಮೂರ್, ಜೆಫ್ ಹರ್ಸ್ಟ್, ಮಾರ್ಟಿನ್ ಪೀಟರ್ಸ್) ಇದ್ದೂ 12ನೇ ಸ್ಥಾನ ಬಂದರೆ ಅದನ್ನು ವೈಫಲ್ಯವೆನ್ನಬೇಕು, ವಿಶ್ವಕಪ್ ಗೆದ್ದದ್ದು ಇಂಗ್ಲೆಂಡ್ ಹೊರತು ಕ್ಲಬ್ ಅಲ್ಲ ಎಂಬುದು ಎರಡನೆಯದು. ಲೀಗ್ ತಂಡಗಳ ನಾಕೌಟ್ ಪಂದ್ಯಾವಳಿಯಾದ ಲೀಗ್ ಕಪ್‌ನ ಫೈನಲ್ ಬಗ್ಗೆ ನಮ್ಮ ಲೇಖನದಲ್ಲಿ ನುಸುಳಿದ ತಪ್ಪೊಂದನ್ನೂ ಅವರು ತೋರಿಸಿಕೊಟ್ಟಿದ್ದಾರೆ. ವಿಶ್ವಕಪ್ ಗೆದ್ದ ಮೇಲಾದರೂ ಈ ತಂಡ ಮೇಲೇರಿತೇ ಎಂದು ಕೊನೆಯಲ್ಲಿ ಕೇಳಿದ್ದಾರೆ.

ಮಾನ್ಯರೇ,

ಮೊದಲು ತಪ್ಪಿನ ಮಾತು. 1966ರ ಲೀಗ್ ಕಪ್ ಫೈನಲ್ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆಯಿತೆಂದು ನಾವು ಅಚ್ಚು ಹಾಕಿದ್ದು ತಪ್ಪು. ನೀವು ಬರೆದಿರುವುದೇ ಸರಿ. ಆ ಕಪ್ಪಿನ ಫೈನಲ್ ವೆಂಬ್ಲಿಗೆ ಹೋದದ್ದು 1967ರಲ್ಲಿ. ಅಲ್ಲಿಯವರೆಗೆ ಎರಡೂ ತಂಡಗಳ ಅಂಗಳದಲ್ಲಿ ಒಂದೊಂದು ಪಂದ್ಯವಾಡಿಸಿ, ಗೋಲುಗಳನ್ನು ಕೂಡಿಸಿ ವಿಜೇತರನ್ನು ನಿರ್ಧರಿಸುತ್ತಿದ್ದರು. ಮಾರ್ಚ್ 9ರಂದು ತನ್ನ ಅಂಗಳದಲ್ಲಿ ವೆಸ್ಟ್ ಹ್ಯಾಮ್ 2-1ರಿಂದ ಗೆದ್ದಿತು. ಎರಡು ವಾರದ ನಂತರ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತನ್ನ ಅಂಗಳದಲ್ಲಿ 4-1ರಿಂದ ಗೆದ್ದು, ಒಟ್ಟು 5-3ರ ಲೆಕ್ಕದಲ್ಲಿ ಕಪ್ಪನ್ನು ಕೊಂಡೊಯ್ದಿತು. ಆ ನಾಲ್ಕು ಗೋಲುಗಳೂ ಮಧ್ಯಂತರಕ್ಕೆ ಮೊದಲೇ ಬಿದ್ದಿದ್ದವು. ತಿದ್ದಿದ್ದಕ್ಕಾಗಿ ನಿಮಗೆ ಕೃತಜ್ಞರಾಗಿದ್ದೇವೆ.

ಇನ್ನು ನಿಮ್ಮ ಮುಖ್ಯ ಆಕ್ಷೇಪ. ಅಂಕಪಟ್ಟಿ ಸುಳ್ಳು ಹೇಳುವುದಿಲ್ಲ ಎಂದು ನೀವು ಬರೆದಿದ್ದೀರಿ. ಒಪ್ಪುತ್ತೇವೆ. ಹಾಗಾದರೆ ಅದನ್ನೇ ಒಮ್ಮೆ ಜೊತೆಯಾಗಿ ಓದೋಣ. ಗೆಲುವಿಗೆ ಎರಡು ಅಂಕ ಕೊಡುತ್ತಿದ್ದ ಕಾಲ ಅದು. ವೆಸ್ಟ್ ಹ್ಯಾಮ್ 42 ಪಂದ್ಯಗಳಲ್ಲಿ 15 ಗೆದ್ದು, 9 ಡ್ರಾ ಮಾಡಿಕೊಂಡು, 18 ಸೋತು 39 ಅಂಕ ಗಳಿಸಿತು. ಲಿವರ್‌ಪೂಲ್ ಗಳಿಸಿದ್ದು 61. ಕೆಳಗಿನ ಡಿವಿಜನ್‌ಗೆ ಇಳಿದ ನಾರ್ಥಾಂಪ್ಟನ್ ಟೌನ್ ಗಳಿಸಿದ್ದು 33. ಅಂದರೆ ನಮ್ಮ ತಂಡ ಕಿರೀಟಕ್ಕಿಂತ ಪ್ರಪಾತಕ್ಕೆ ಹೆಚ್ಚು ಹತ್ತಿರವಿತ್ತು. ಇಲ್ಲಿಯವರೆಗೆ ನಿಮ್ಮ ವಾದಕ್ಕೇ ಬಲ ಸಿಗುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಗೋಲುಗಳ ಎರಡು ಕಾಲಂಗಳೂ ಇವೆಯಲ್ಲ! ಚಾಂಪಿಯನ್ ಲಿವರ್‌ಪೂಲ್ ಹೊಡೆದದ್ದು 79 ಗೋಲು, ವೆಸ್ಟ್ ಹ್ಯಾಮ್ 70. ವ್ಯತ್ಯಾಸ ಒಂಬತ್ತೇ ಗೋಲು. ಲಿವರ್‌ಪೂಲ್ ಬಿಟ್ಟುಕೊಟ್ಟದ್ದು 34, ವೆಸ್ಟ್ ಹ್ಯಾಮ್ 83. ಪಟ್ಟಿಯ ಕಟ್ಟಕಡೆಯಲ್ಲಿದ್ದ ಬ್ಲ್ಯಾಕ್‌ಬರ್ನ್ ರೋವರ್ಸ್ ಬಿಟ್ಟುಕೊಟ್ಟದ್ದು 88. ಗೋಲು ಹೊಡೆಯುವುದರಲ್ಲಿ ಮೊದಲನೆಯವರ ಪಕ್ಕದಲ್ಲಿ, ಬಿಟ್ಟುಕೊಡುವುದರಲ್ಲಿ ಕೊನೆಯವರ ಪಕ್ಕದಲ್ಲಿ ನಿಂತ ತಂಡವಿದು. ಎರಡು ತುದಿಗಳ ಸರಾಸರಿಯೇ ಆ 12. ಅದನ್ನು ಎಲ್ಲದರಲ್ಲೂ ಸಾಧಾರಣವಾದ ತಂಡದ 12ನೇ ಸ್ಥಾನದೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬುದೇ ಆ ನಾಲ್ಕು ಪುಟಗಳ ಹಿಂದಿದ್ದ ನಮ್ಮ ವಿಚಾರ.

ಹೀಗೇಕಾಯಿತು ಎಂದು ತಿಳಿಯಬೇಕಾದರೆ ಮ್ಯಾನೇಜರ್ ರಾನ್ ಗ್ರೀನ್‌ವುಡ್ ಅವರನ್ನು ಅರಿಯಬೇಕು. 1953ರಲ್ಲಿ ಹಂಗೆರಿ ತಂಡ ವೆಂಬ್ಲಿಗೆ ಬಂದು ಇಂಗ್ಲೆಂಡನ್ನು 6-3ರಿಂದ ಸೋಲಿಸಿದ್ದನ್ನು ಕಣ್ಣಾರೆ ಕಂಡವರು ಅವರು. ಚೆಂಡಿಗಿಂತ ಮೊದಲು ಖಾಲಿ ಜಾಗವನ್ನು ನೋಡಬೇಕು ಎಂಬ ಪಾಠವನ್ನು ಅಂದು ಕಲಿತು, 1961ರಲ್ಲಿ ವೆಸ್ಟ್ ಹ್ಯಾಮ್‌ಗೆ ಬಂದ ಮೇಲೆ ಅದನ್ನೇ ಕಲಿಸುತ್ತಾ ಹೋದರು. ಅವರಿಗೆ ಸಿಕ್ಕಿದ್ದು ಹದವಾದ ನೆಲ. ಥೇಮ್ಸ್ ದಂಡೆಯ ಹಡಗುಕಟ್ಟೆಯ ಕಾರ್ಮಿಕರು 1895ರಲ್ಲಿ ಕಟ್ಟಿದ ಕ್ಲಬ್ಬಿನ ಮುಂದಿನ ರೂಪ ಇದು. 1950ರ ದಶಕದಲ್ಲೇ ಇಲ್ಲಿನ ಆಟಗಾರರು ಅಭ್ಯಾಸ ಮುಗಿಸಿ, ಮೈದಾನದ ಹತ್ತಿರದ ಕಸೆಟ್ಟಾರಿ ಎಂಬ ಹೋಟೆಲಿನಲ್ಲಿ ಕೂತು, ಮೇಜಿನ ಮೇಲಿನ ಉಪ್ಪಿನ ಡಬ್ಬಿ, ಸಾಸ್ ಸೀಸೆಗಳನ್ನೇ ಆಟಗಾರರನ್ನಾಗಿ ಮಾಡಿ ಅತ್ತಿತ್ತ ಸರಿಸುತ್ತಾ ಗಂಟೆಗಟ್ಟಲೆ ತಂತ್ರ ಚರ್ಚಿಸುತ್ತಿದ್ದರು. ಆಟವನ್ನು ಓದಿನಂತೆ ಕಲಿಯುವ ರೂಢಿ ಅಲ್ಲಿತ್ತು. ಕ್ಲಬ್ಬಿಗೆ ‘ಅಕಾಡೆಮಿ’ ಎಂಬ ಹೆಸರು ಅಂಟಿಕೊಂಡದ್ದು ಸುಮ್ಮನಲ್ಲ.

ಗ್ರೀನ್‌ವುಡ್ ಕಲಿಸಿದ್ದರಲ್ಲಿ ಒಂದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಳೆದ ಸಂಚಿಕೆಯಲ್ಲಿ ಜಾಗ ಸಾಲದೆ ಅದನ್ನು ಮೊಟಕುಗೊಳಿಸಿದ್ದೆವು. ಆಗಿನ ಇಂಗ್ಲೆಂಡಿನಲ್ಲಿ ರೂಢಿಯಲ್ಲಿದ್ದ ದಾಳಿ ಹೀಗಿತ್ತು: ಅಂಚಿನ ಆಟಗಾರ ಚೆಂಡನ್ನು ಕೊನೆಯ ಗೆರೆಯವರೆಗೆ ಒಯ್ದು, ದೂರದ ಗೋಲುಕಂಬದತ್ತ ಎತ್ತರಕ್ಕೆ ಎತ್ತಿ ಹಾಕುತ್ತಿದ್ದ. ಅಲ್ಲಿ ಎತ್ತರದ ಫಾರ್ವರ್ಡ್, ಎತ್ತರದ ಡಿಫೆಂಡರ್ ಮತ್ತು ಗೋಲ್‌ಕೀಪರ್ ಮೂವರೂ ಒಟ್ಟಿಗೆ ಮೇಲೆ ಹಾರುತ್ತಿದ್ದರು. ಬಲಿಷ್ಠರ ಕೈ ಮೇಲಾಗುತ್ತಿತ್ತು. ಗ್ರೀನ್‌ವುಡ್ ಇದನ್ನು ತಿರುಗಿಸಿದರು. ಹತ್ತಿರದ ಗೋಲುಕಂಬದ ಮುಂದಿನ ಜಾಗವನ್ನು ಬೇಕೆಂದೇ ಖಾಲಿ ಬಿಡಬೇಕು. ಯಾರೂ ಅಲ್ಲಿ ನಿಂತು ಕಾಯಕೂಡದು. ಅಂಚಿನ ಆಟಗಾರ ಕೊನೆಯ ಗೆರೆ ಮುಟ್ಟುವ ಮೊದಲೇ, ಯಾರೂ ಇಲ್ಲದ ಆ ಜಾಗಕ್ಕೆ ಚೆಂಡನ್ನು ವೇಗವಾಗಿ ಕಳಿಸಬೇಕು. ಫಾರ್ವರ್ಡ್ ದೂರದಿಂದ ಓಡಿಬಂದು ಚೆಂಡು ತಲುಪುವ ಗಳಿಗೆಗೇ ತಾನೂ ತಲುಪಬೇಕು. ಡಿಫೆಂಡರ್ ಚೆಂಡನ್ನು ನೋಡಿದರೆ ಆಟಗಾರ ಕಾಣುವುದಿಲ್ಲ, ಆಟಗಾರನನ್ನು ನೋಡಿದರೆ ಚೆಂಡು ತಪ್ಪುತ್ತದೆ. ಕಳಿಸುವವನಿಗೂ ಓಡುವವನಿಗೂ ಪರಸ್ಪರ ಪೂರ್ಣ ನಂಬಿಕೆ ಇಲ್ಲದಿದ್ದರೆ ಇದು ಸಾಧ್ಯವೇ ಇಲ್ಲ, ಏಕೆಂದರೆ ಚೆಂಡು ಹೊರಡುವ ಕ್ಷಣದಲ್ಲಿ ಅದನ್ನು ತೆಗೆದುಕೊಳ್ಳುವವನು ಆ ಜಾಗದಲ್ಲಿ ಇರುವುದೇ ಇಲ್ಲ.

ಈ ಓಟವನ್ನು ಕರಗತ ಮಾಡಿಕೊಂಡವರು ಜೆಫ್ ಹರ್ಸ್ಟ್. ಮಧ್ಯಭಾಗದಲ್ಲಿ ಆಡುತ್ತಿದ್ದ, ಅಲ್ಲಿ ಅಷ್ಟೇನೂ ಹೆಸರು ಮಾಡದಿದ್ದ ಅವರನ್ನು ಮುಂದಿನ ಸಾಲಿಗೆ ತಂದವರು ಗ್ರೀನ್‌ವುಡ್. 1965-66ರ ಋತುವಿನಲ್ಲಿ ಹರ್ಸ್ಟ್ ಎಲ್ಲ ಪಂದ್ಯಾವಳಿಗಳೂ ಸೇರಿ 40 ಗೋಲು ಹೊಡೆದರು. (ಕ್ರಿಕೆಟ್ ಪ್ರಿಯರಾದ ನಮ್ಮ ಓದುಗರಿಗೆ ಒಂದು ಮಾತು: ಹರ್ಸ್ಟ್ 1962ರಲ್ಲಿ ಎಸೆಕ್ಸ್ ಪರ ಒಂದು ಪ್ರಥಮ ದರ್ಜೆ ಪಂದ್ಯವನ್ನೂ ಆಡಿದ್ದಾರೆ. ತಂಡದ ಗೋಲ್‌ಕೀಪರ್ ಜಿಮ್ ಸ್ಟ್ಯಾಂಡೆನ್ ಅವರಂತೂ 1964ರಲ್ಲಿ ವೆಸ್ಟ್ ಹ್ಯಾಮ್‌ನೊಂದಿಗೆ ಎಫ್‌ಎ ಕಪ್ಪನ್ನೂ, ವೂಸ್ಟರ್‌ಶೈರ್ ಬೌಲರ್ ಆಗಿ ಕೌಂಟಿ ಚಾಂಪಿಯನ್‌ಷಿಪ್ಪನ್ನೂ ಒಂದೇ ವರ್ಷದಲ್ಲಿ ಗೆದ್ದವರು.)

ಹೀಗೆ ಎಲ್ಲರೂ ಮುಂದಕ್ಕೆ ಓಡುವ ತಂಡದಲ್ಲಿ ಹಿಂದೆ ಉಳಿಯುವವರು ಕಡಿಮೆ. ಒಂದು ಗೋಲಿನ ಮುನ್ನಡೆ ಸಿಕ್ಕಿದರೆ ಬಾಗಿಲು ಭದ್ರಪಡಿಸಿಕೊಳ್ಳುವುದು ಗ್ರೀನ್‌ವುಡ್ ಅವರ ಜಾಯಮಾನದಲ್ಲೇ ಇರಲಿಲ್ಲ. ಜೊತೆಗೆ ಲೀಗಿನ 42 ಪಂದ್ಯಗಳಲ್ಲದೆ ಎರಡು ದೇಶೀಯ ಕಪ್‌ಗಳು, ಆಯಾ ದೇಶದ ಕಪ್ ಗೆದ್ದ ತಂಡಗಳಿಗಾಗಿ ನಡೆಯುತ್ತಿದ್ದ ಯುರೋಪಿನ ಕಪ್ ವಿನ್ನರ್ಸ್ ಕಪ್ ಎಲ್ಲವೂ ಸೇರಿ ಅರವತ್ತಕ್ಕೂ ಹೆಚ್ಚು ಪಂದ್ಯಗಳ ಭಾರ ಅವರ ಮೇಲಿತ್ತು. ಲೀಗ್ ಕಪ್ ಸೆಮಿಫೈನಲ್‌ನಲ್ಲಿ ಕಾರ್ಡಿಫ್ ಸಿಟಿಯನ್ನು ಎರಡು ಪಂದ್ಯಗಳಲ್ಲಿ ಒಟ್ಟು 10-3ರಿಂದ ಸೋಲಿಸಿದ ತಂಡ, ಫೈನಲ್‌ನಲ್ಲಿ ಮೇಲೆ ಹೇಳಿದಂತೆ ಕುಸಿಯಿತು. 1965ರಲ್ಲಿ ತಾನೇ ಗೆದ್ದಿದ್ದ ಕಪ್ ವಿನ್ನರ್ಸ್ ಕಪ್ಪನ್ನು ಉಳಿಸಿಕೊಳ್ಳಲು ಸೆಮಿಫೈನಲ್‌ವರೆಗೆ ಹೋಗಿ, ಏಪ್ರಿಲ್‌ನಲ್ಲಿ ಪಶ್ಚಿಮ ಜರ್ಮನಿಯ ಬೊರುಸಿಯಾ ಡಾರ್ಟ್‌ಮುಂಡ್ ಎದುರು ಸೋತಿತು. ತನ್ನ ಅಂಗಳವಾದ ಅಪ್ಟನ್ ಪಾರ್ಕ್‌ನ ಮೊದಲ ಪಂದ್ಯದಲ್ಲಿ ಮಾರ್ಟಿನ್ ಪೀಟರ್ಸ್ ಗೋಲಿನಿಂದ ಮುಂದಿದ್ದವರು, ಇನ್ನೇನು ಪಂದ್ಯ ಮುಗಿಯಿತು ಎನ್ನುವಾಗ ಲೋಥರ್ ಎಮೆರಿಕ್‌ಗೆ ಬೆನ್ನುಬೆನ್ನಿಗೆ ಎರಡು ಗೋಲು ಬಿಟ್ಟುಕೊಟ್ಟರು. ಪೂರ್ವದ ಅಂಚಿನ, ‘ಕೋಳಿಗೂಡು’ ಎಂದೇ ಕರೆಯುತ್ತಿದ್ದ ಮರ-ತಗಡಿನ ಹಳೆಯ ಗ್ಯಾಲರಿಯಲ್ಲಿ ನಿಂತ ಜನ ಅಂಗಳಕ್ಕೆ ಎಷ್ಟು ಹತ್ತಿರವಿದ್ದರೆಂದರೆ, ಅವರ ಒಂದೊಂದು ಉದ್ಗಾರವೂ ಆಟಗಾರರ ಕಿವಿಗೆ ಬೀಳುತ್ತಿತ್ತು. ಆ ರಾತ್ರಿಯ ಕೊನೆಯ ನಿಮಿಷಗಳನ್ನು ನೆನೆದರೆ ಆ ಜನರ ಬಗ್ಗೆ ನಮಗೆ ಇಂದಿಗೂ ಮರುಕವಾಗುತ್ತದೆ.

ಕ್ಲಬ್ಬಿನ ಒಳಗೂ ನೆಮ್ಮದಿ ಇರಲಿಲ್ಲ. ನಾಯಕ ಬಾಬಿ ಮೂರ್ ಹೊಸ ಒಪ್ಪಂದಕ್ಕೆ ಸಹಿ ಹಾಕದೆ ಬೇರೆ ಕ್ಲಬ್ಬಿಗೆ ಹೋಗಲು ಬಯಸಿದರು. ಗ್ರೀನ್‌ವುಡ್ ಅವರನ್ನು ಕ್ಲಬ್ಬಿನ ನಾಯಕತ್ವದಿಂದ ಇಳಿಸಿದರು. ದೇಶದ ನಾಯಕ ತನ್ನ ಕ್ಲಬ್ಬಿನ ನಾಯಕನಾಗಿರಲಿಲ್ಲ! ಜೂನ್ 30ಕ್ಕೆ ಮೂರ್ ಅವರ ಒಪ್ಪಂದವೂ ಮುಗಿಯಿತು. ಯಾವುದಾದರೂ ಕ್ಲಬ್ಬಿಗೆ ಸೇರಿರದ ಆಟಗಾರ ವಿಶ್ವಕಪ್ ಆಡುವಂತಿರಲಿಲ್ಲವಾದ್ದರಿಂದ, ಗ್ರೀನ್‌ವುಡ್ ಇಂಗ್ಲೆಂಡ್ ತಂಡ ತಂಗಿದ್ದ ಹೋಟೆಲಿಗೇ ಬಂದು ತಾತ್ಕಾಲಿಕ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು.

ವಿಶ್ವಕಪ್ ಗೆದ್ದದ್ದು ಇಂಗ್ಲೆಂಡ್, ಕ್ಲಬ್ ಅಲ್ಲ ಎಂಬ ನಿಮ್ಮ ಮಾತಿಗೆ ಈಗ ಬರುತ್ತೇವೆ. ಗಾರ್ಡನ್ ಬ್ಯಾಂಕ್ಸ್, ಬಾಬಿ ಚಾರ್ಲ್ಟನ್, ನಾಬಿ ಸ್ಟೈಲ್ಸ್, ಅಲನ್ ಬಾಲ್ ಇಲ್ಲದೆ ಆ ಕಪ್ ಬರುತ್ತಿರಲಿಲ್ಲ. ಇದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಗೋಲುಗಳು ಬಂದ ಬಗೆಯನ್ನು ನೋಡಿ. ಹರ್ಸ್ಟ್ ದೇಶಕ್ಕೆ ಮೊದಲು ಆಡಿದ್ದು 1966ರ ಫೆಬ್ರುವರಿಯಲ್ಲಿ, ಪೀಟರ್ಸ್ ಮೇ ತಿಂಗಳಲ್ಲಿ. ಇಬ್ಬರೂ ವಿಶ್ವಕಪ್ಪಿನ ಮೊದಲ ಪಂದ್ಯದ ಹನ್ನೊಂದರಲ್ಲಿ ಇರಲಿಲ್ಲ. ಇಂಗ್ಲೆಂಡಿನ ಫಾರ್ವರ್ಡ್ ಜಿಮ್ಮಿ ಗ್ರೀವ್ಸ್ ಗಾಯಗೊಂಡದ್ದರಿಂದ ಹರ್ಸ್ಟ್‌ಗೆ ಕ್ವಾರ್ಟರ್‌ಫೈನಲ್‌ನಲ್ಲಿ ಅವಕಾಶ ಸಿಕ್ಕಿತು. ಅರ್ಜೆಂಟೀನಾ ಎದುರಿನ ಆ ಪಂದ್ಯದ ಏಕೈಕ ಗೋಲು, ಎಡಗಡೆಯಿಂದ ಪೀಟರ್ಸ್ ಹತ್ತಿರದ ಕಂಬದ ಖಾಲಿ ಜಾಗಕ್ಕೆ ಕಳಿಸಿದ ಚೆಂಡಿಗೆ ಹರ್ಸ್ಟ್ ಓಡಿಬಂದು ತಲೆ ಕೊಟ್ಟದ್ದು. ಇದು ಅಪ್ಟನ್ ಪಾರ್ಕ್‌ನ ಪಾಠವಲ್ಲದೆ ಬೇರೇನಲ್ಲ.

ಜುಲೈ 30ರ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿ ಒಂದು ಗೋಲು ಮುಂದಿದ್ದಾಗ, 18ನೇ ನಿಮಿಷದಲ್ಲಿ ಮೂರ್ ಅವರನ್ನು ಎದುರಾಳಿ ಬೀಳಿಸಿದರು. ಮೂರ್ ಎದ್ದವರೇ ತಲೆಯೆತ್ತಿ ನೋಡಿದರು, ಚೆಂಡನ್ನಿಟ್ಟು ಯಾರಿಗೂ ಕಾಯದೆ ಒದ್ದರು. ಜರ್ಮನ್ನರು ತಮ್ಮ ತಮ್ಮ ಜಾಗ ಹಿಡಿಯುವ ಮೊದಲೇ ಹರ್ಸ್ಟ್ ಬಲಗಡೆಯಿಂದ ಓಟ ಶುರುಮಾಡಿದ್ದರು. ಅವರು ಚೆಂಡಿಗೆ ತಲೆ ಕೊಟ್ಟಾಗ ಹತ್ತಿರ ಯಾರೂ ಇರಲಿಲ್ಲ. ಮೂರ್ ಕೂಗಲಿಲ್ಲ, ಕೈಸನ್ನೆ ಮಾಡಲಿಲ್ಲ. ಹರ್ಸ್ಟ್ ಎಲ್ಲಿಗೆ ಬರುತ್ತಾರೆಂಬುದು ವರ್ಷಗಳ ಅಭ್ಯಾಸದಿಂದ ಅವರಿಗೆ ಗೊತ್ತಿತ್ತು. 78ನೇ ನಿಮಿಷದಲ್ಲಿ ಪೀಟರ್ಸ್ ಎರಡನೆಯದನ್ನು ಹೊಡೆದರು. ಇನ್ನೇನು ಮುಗಿಯಿತು ಎನ್ನುವಾಗ ಎಮೆರಿಕ್ ಒದ್ದ ಫ್ರೀ ಕಿಕ್ ಯಾರಿಗೋ ತಾಗಿ, ಸಿಗಿ ಹೆಲ್ಡ್ ಕಾಲಿನಿಂದ ಮುಂದೆ ಸಾಗಿ, ವೊಲ್ಫ್‌ಗಾಂಗ್ ವೆಬರ್ ಸಮಗೋಲು ಹೊಡೆದರು. ಎಮೆರಿಕ್, ಹೆಲ್ಡ್ ಮತ್ತು ಗೋಲ್‌ಕೀಪರ್ ಹ್ಯಾನ್ಸ್ ಟಿಲ್ಕೊವ್‌ಸ್ಕಿ ಮೂವರೂ ಡಾರ್ಟ್‌ಮುಂಡ್ ಕ್ಲಬ್ಬಿನವರು. ಏಪ್ರಿಲ್‌ನಲ್ಲಿ ಅಪ್ಟನ್ ಪಾರ್ಕ್‌ನಲ್ಲಿ ಬಿದ್ದ ಪೆಟ್ಟೇ ಅದೇ ಕಾಲಿನಿಂದ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ವೆಂಬ್ಲಿಯಲ್ಲಿ ಮತ್ತೆ ಬಿದ್ದಿತ್ತು. ಈ ಬಾರಿ ವೆಸ್ಟ್ ಹ್ಯಾಮ್‌ನ ಮೂವರು ಕುಸಿಯಲಿಲ್ಲ. ಹೆಚ್ಚುವರಿ ಅವಧಿಯ ಕೊನೆಯಲ್ಲಿ, ಚೆಂಡನ್ನು ಪ್ರೇಕ್ಷಕರತ್ತ ಒದ್ದು ಕಾಲ ಕಳೆ ಎಂದು ಜೊತೆಗಾರರು ಕೂಗುತ್ತಿದ್ದರೂ ಮೂರ್ ತಮ್ಮದೇ ಗೋಲಿನ ಬಳಿ ಚೆಂಡನ್ನು ಹಿಡಿತಕ್ಕೆ ತಂದು, ನೋಡಿ, ದೂರದ ಹರ್ಸ್ಟ್‌ಗೆ ಕಳಿಸಿದರು. ಅದೇ ನಾಲ್ಕನೇ ಗೋಲು. 4-2ರಲ್ಲಿ ಹರ್ಸ್ಟ್ ಮೂರು, ಪೀಟರ್ಸ್ ಒಂದು.

ಆ ಕೊನೆಯ ಗಳಿಗೆಯಲ್ಲಿ ಚೆಂಡನ್ನು ಹೊರಗೆ ಒದೆಯದಿರುವ ಸ್ವಭಾವವೇ ಲೀಗ್‌ನಲ್ಲಿ 83 ಗೋಲು ಬಿಟ್ಟುಕೊಡಲು ಕಾರಣವಾಗಿತ್ತು. ಹೊಡೆದ ಗೋಲಿನ ಬೇರೂ ಬಿಟ್ಟುಕೊಟ್ಟ ಗೋಲಿನ ಬೇರೂ ಒಂದೇ. ನೀವು ವೈಫಲ್ಯವೆಂದರೆ ಲೀಗ್‌ನ ಮಟ್ಟಿಗೆ ನಾವು ವಾದಿಸುವುದಿಲ್ಲ. ಗ್ರೀನ್‌ವುಡ್ ಅವರ ತಂಡ ಆ ದಶಕದಲ್ಲಿ ಎಂದೂ ಎಂಟನೇ ಸ್ಥಾನದಿಂದ ಮೇಲಕ್ಕೆ ಹೋಗಲಿಲ್ಲ, ಮತ್ತು ರಕ್ಷಣೆಯನ್ನು ಅವರು ಇನ್ನಷ್ಟು ಗಮನಿಸಬೇಕಿತ್ತು ಎಂಬುದೇ ನಮ್ಮ ಅಭಿಪ್ರಾಯ ಕೂಡ. ಆದರೆ ವೈಫಲ್ಯವೆಂದು ಬದಿಗಿಟ್ಟರೆ ಆ ನಾಲ್ಕು ಗೋಲುಗಳು ಎಲ್ಲಿಂದ ಬಂದವೆಂಬುದು ತಿಳಿಯುವುದಿಲ್ಲ. ಲಿವರ್‌ಪೂಲ್ ಬಗ್ಗೆ ನಿಮ್ಮ ದೂರು ಮಾತ್ರ ನ್ಯಾಯವಾದದ್ದು. ಇಡೀ ಋತುವನ್ನು ಕೇವಲ 14 ಆಟಗಾರರಿಂದ ಆಡಿ ಚಾಂಪಿಯನ್ ಆದ ಆ ತಂಡಕ್ಕೆ ಪ್ರತ್ಯೇಕ ಲೇಖನವೇ ಸಲ್ಲಬೇಕು, ಬರೆಸುತ್ತೇವೆ.

ವಿಶ್ವಕಪ್ಪಿನ ನಂತರ ತಂಡ ಮೇಲೇರಿತೇ ಎಂದು ಕೇಳಿದ್ದೀರಿ. ಇಲ್ಲ. 1966-67ರಲ್ಲಿ 80 ಗೋಲು ಹೊಡೆದು, 84 ಬಿಟ್ಟುಕೊಟ್ಟು 16ನೇ ಸ್ಥಾನಕ್ಕೆ ಇಳಿಯಿತು. ಆ ನವೆಂಬರ್‌ನಲ್ಲಿ ಬಲಾಢ್ಯ ಲೀಡ್ಸ್ ಯುನೈಟೆಡ್ ತಂಡವನ್ನು ಲೀಗ್ ಕಪ್‌ನಲ್ಲಿ 7-0ಯಿಂದ ಸೋಲಿಸಿದ್ದೂ ಇದೇ ತಂಡ. ಋತುವಿನ ಮೊದಲ ಪಂದ್ಯ ಆಗಸ್ಟ್ 20ರಂದು ಅಪ್ಟನ್ ಪಾರ್ಕ್‌ನಲ್ಲಿ ಚೆಲ್ಸಿ ಎದುರು ನಡೆಯಿತು. ಎರಡೂ ತಂಡದವರು ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಿದ್ದಂತೆ, ಮೂರ್, ಹರ್ಸ್ಟ್, ಪೀಟರ್ಸ್ ಮೂವರೇ ಅಂಗಳಕ್ಕೆ ಬಂದರು. ಆಮೇಲೆ ಆಟ ಶುರುವಾಯಿತು, ಚೆಲ್ಸಿ 2-1ರಿಂದ ಗೆದ್ದಿತು.

— ಸಂಪಾದಕ